ದಿನವಿಡೀ ಮಾತು ಕೇಳಬೇಕು: ಯಾರ ಮನೆಗೆ ಯಾವ ರೇಡಿಯೊ?

"ಅಮ್ಮ ಮನೇಲಿ ಒಬ್ಬರೇ ಇರ್ತಾರೆ. ಟಿವಿ ನೋಡಿದ್ರೆ ಕಣ್ಣುರಿ ಅಂತಾರೆ. ಹಾಡು ಬೇಡವಂತೆ, ಯಾರಾದ್ರೂ ಮಾತಾಡ್ತಾ ಇರ್ಬೇಕಂತೆ. ಯಾವ ರೇಡಿಯೊ ಕೊಡಿಸ್ಲಿ?"

ರೇಡಿಯೊ ಹುಚ್ಚ ಎಂದು ಒಮ್ಮೆ ಹೆಸರು ಬಿದ್ದರೆ ಇಂಥ ಪ್ರಶ್ನೆಗಳಿಗೆ ಬರವಿಲ್ಲ. ಇದನ್ನು ಕೇಳಿದವರು ಹುಬ್ಬಳ್ಳಿಯ ಹೆಣ್ಣುಮಗಳೊಬ್ಬರು. ಅದೇ ವಾರ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವವರೊಬ್ಬರು, "ಹತ್ತು ಗಂಟೆ ಗಾಡೀಲೇ ಕೂತಿರ್ತೀನಿ ಸಾರ್. ಅದೇ ಹಾಡು, ಅದೇ ನಗು, ತಲೆ ಚಿಟ್ಟು ಹಿಡಿದೋಯ್ತು" ಎಂದರು. ಡಲ್ಲಾಸ್‌ನಲ್ಲಿರುವ ಓದುಗರೊಬ್ಬರಿಗೆ ಬೇರೆಯದೇ ಚಿಂತೆ: ಏಳು ವರ್ಷದ ಮಗಳ ಕಿವಿಗೆ ಅಪ್ಪ ಅಮ್ಮನ ಕನ್ನಡ ಬಿಟ್ಟು ಬೇರೆಯವರ ಕನ್ನಡ ಬೀಳುವುದೇ ಇಲ್ಲ. ಮೂವರೂ ಕೇಳುತ್ತಿರುವುದು ಬೆಳಗಿನಿಂದ ರಾತ್ರಿಯವರೆಗೆ ಬಗೆಬಗೆಯ ಮಾತು. ಆದರೆ ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ದುಡ್ಡು ದಂಡ.

ಮೊದಲೇ ಒಂದು ಕಹಿ ಮಾತು ಹೇಳಿಬಿಡುತ್ತೇನೆ. ಬ್ರಿಟನ್ನಿನವರಿಗೆ ಬಿಬಿಸಿ ರೇಡಿಯೊ 4 ಇದೆ. 1967ರಿಂದ ಹೆಚ್ಚುಕಡಿಮೆ ಪೂರ್ತಿ ಮಾತಿನದೇ ನಿಲಯ ಅದು: ಬೆಳಗಿನ ಸುದ್ದಿ, ಮಹಿಳೆಯರ ಕಾರ್ಯಕ್ರಮ, ನಾಟಕ, ವಿಜ್ಞಾನ, ಹಾಸ್ಯ, 1951ರಿಂದ ಎಳೆದುಕೊಂಡು ಬಂದಿರುವ ಹಳ್ಳಿಯ ಧಾರಾವಾಹಿ, ಕೊನೆಗೆ ಸಮುದ್ರದ ಹವಾಮಾನ ವರದಿ. ಅಂಥದ್ದು ಕನ್ನಡದಲ್ಲಿಲ್ಲ. 2017ರಲ್ಲಿ ಬಿಬಿಸಿ ಭಾರತದ ಭಾಷೆಗಳನ್ನು ಹೆಚ್ಚಿಸಿದಾಗಲೂ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇರಿದವು, ಕನ್ನಡಕ್ಕೆ ಎಲೆ ಹಾಕಲಿಲ್ಲ. ಹಾಗಾಗಿ ನಮ್ಮ ದಿನವನ್ನು ನಾವೇ ಕೌದಿಯ ಹಾಗೆ ತುಂಡು ತುಂಡು ಜೋಡಿಸಿ ಹೊಲಿದುಕೊಳ್ಳಬೇಕು. ದೊಡ್ಡ ತುಂಡು ಯಾವುದು, ಅಂಚಿಗೆ ಯಾವುದು ಅನ್ನುವುದಷ್ಟೇ ಆಯ್ಕೆ.

ಯಾವುದನ್ನು ನೋಡಿ ಆರಿಸಬೇಕು

ಎಲ್ಲರೂ ಮೊದಲು ಬೆಲೆ ಕೇಳುತ್ತಾರೆ. ನಾನು ಮೊದಲು ಕೇಳುವುದು, ಕೇಳುವವರ ಕೈ ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತದೆ ಎಂದು. ರೊಟ್ಟಿ ತಟ್ಟುತ್ತಿದೆಯೋ, ಸ್ಟೇರಿಂಗ್ ಹಿಡಿದಿದೆಯೋ, ನಡುಗುತ್ತಿದೆಯೋ? ಆಮೇಲೆ, ಅವರಿಗೆ ಯಾವ ಸೀಮೆಯ ಕನ್ನಡ ಬೇಕು? ಧಾರವಾಡದ ಅಜ್ಜಿಯನ್ನು ಬೆಂಗಳೂರಿನ ಎಫ್‌ಎಂ ಮುಂದೆ ಕೂರಿಸಿದರೆ ಪರದೇಶದಲ್ಲಿ ಇಳಿಸಿದ ಹಾಗೆ. ಮೂರನೆಯದು, ಆ ಕೋಣೆಯಲ್ಲಿ, ಆ ಕಿಟಕಿಯ ಬಳಿ ಅಲೆ ಹಿಡಿಯುತ್ತದೆಯೇ? ಊರಿನಲ್ಲಿ ಸಿಗುತ್ತದೆ ಅಂದರೆ ಮನೆಯಲ್ಲೂ ಸಿಗುತ್ತದೆ ಎಂದಲ್ಲ. ನಾಲ್ಕನೆಯದು ಗಂಟೆಗೆ ಎಷ್ಟು ನಿಮಿಷ ಮಾತು, ಎಷ್ಟು ಹಾಡು, ಎಷ್ಟು ಜಾಹೀರಾತು. ತಪ್ಪಿಹೋದದ್ದು ಮತ್ತೆ ಸಿಗಬೇಕೇ ಅನ್ನುವುದು ಐದನೆಯದು. ಖರ್ಚು ಕೊನೆಗೆ, ಏಕೆಂದರೆ ಇಲ್ಲಿರುವ ಯಾವ ದಾರಿಯೂ ಮನೆ ಮಾರಿಸುವಂಥದ್ದಲ್ಲ.

ಇನ್ನೊಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ಏನು ಕೇಳಬೇಕೆಂದು ನೀವೇ ಆರಿಸಬೇಕೇ, ಅಥವಾ ಬೇರೆ ಯಾರೋ ಜೋಡಿಸಿಟ್ಟದ್ದು ಕಿವಿಗೆ ಬಿದ್ದರೆ ಸಾಕೇ? ಈ ಎರಡನೆಯ ಸುಖ ಈಗ ಅಪರೂಪ. ಜೇನು ಸಾಕಣೆ ಬಗ್ಗೆ ಒಂದು ಗಂಟೆ ಕೇಳೋಣ ಎಂದು ನಾನಾಗಿ ಹುಡುಕಿಕೊಂಡು ಎಂದೂ ಹೋಗುತ್ತಿರಲಿಲ್ಲ. ಒಂದು ಸಂಜೆ ಆಕಾಶವಾಣಿಯ ಕೃಷಿರಂಗದಲ್ಲಿ ಅದು ಬರುತ್ತಿತ್ತು, ಎದ್ದು ಹೋಗಿ ಬಂದ್ ಮಾಡಲು ಸೋಮಾರಿತನ. ಅಷ್ಟರಿಂದ ಶುರುವಾಗಿ ಈಗ ಹಿತ್ತಿಲಲ್ಲಿ ಎರಡು ಪೆಟ್ಟಿಗೆ ಇವೆ.

ಮೀಡಿಯಂ ವೇವ್ ಸೆಟ್ಟು, ಆಕಾಶವಾಣಿ

ಎಫ್‌ಎಂಗೂ ಮೊದಲಿನ ಹಳೆಯ ಬಗೆಯ ಪ್ರಸಾರ ಇದು, ಮುಗಿದ ಕಥೆ ಎಂದು ತಿಳಿದವರೇ ಹೆಚ್ಚು. ಮಾತಿನ ದಿನ ಬೇಕಾದವರಿಗೆ ಮಾತ್ರ ಇದೇ ಕೌದಿಯ ದೊಡ್ಡ ತುಂಡು.

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ವಿಠ್ಠಲ ವಿಹಾರದಲ್ಲೇ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಸೂಚಿಸಿದವರು ಸಾಹಿತಿ ನಾ. ಕಸ್ತೂರಿ. ಮುಂದೆ ಇಡೀ ದೇಶದ ರೇಡಿಯೊಗೆ ಆ ಹೆಸರೇ ನಿಂತಿತು. ಧಾರವಾಡ 1950ರಲ್ಲಿ, ಬೆಂಗಳೂರು 1955ರಲ್ಲಿ, ಭದ್ರಾವತಿ 1965ರಲ್ಲಿ, ಕಲಬುರಗಿ 1966ರಲ್ಲಿ, ಮಂಗಳೂರು 1976ರಲ್ಲಿ ಬಂದವು. ಈ ವರ್ಷಗಳನ್ನು ಹೇಳಿದ್ದಕ್ಕೆ ಕಾರಣವಿದೆ. ಒಂದೊಂದು ನಿಲಯವೂ ತನ್ನ ಸೀಮೆಯ ಮಾತನ್ನು ದಶಕಗಟ್ಟಲೆ ಕೂಡಿಹಾಕಿಕೊಂಡು ಕೂತಿದೆ. ಧಾರವಾಡದಲ್ಲಿ ಬೇಂದ್ರೆ ಸಾಹಿತ್ಯ ಸಲಹೆಗಾರರಾಗಿದ್ದರು, ಕಾದಂಬರಿಕಾರ ಎನ್ಕೆ ಕುಲಕರ್ಣಿ ಅಲ್ಲೇ ದುಡಿದರು. ಬೆಂಗಳೂರು ನಿಲಯದ ಕಾರ್ಯಕ್ರಮಗಳಿಂದ ರಂಗಕರ್ಮಿ ಎ.ಎಸ್. ಮೂರ್ತಿಯವರಿಗೆ 'ಆಕಾಶವಾಣಿ ಈರಣ್ಣ' ಎಂಬ ಹೆಸರು ಅಂಟಿಕೊಂಡಿತು, ನಿಜವಾದ ಹೆಸರು ಹಿಂದೆ ಸರಿಯುವಷ್ಟು. ಮಡಿಕೇರಿಯಲ್ಲಿ ಕೊಡವ ತಕ್ಕ್ ಮತ್ತು ಅರೆಭಾಷೆ, ಮಂಗಳೂರಿನಲ್ಲಿ ತುಳು, ಕೊಂಕಣಿ ಕೇಳುತ್ತವೆ. ನಾಲ್ಕು ನಿಲಯ ತಿರುಗಿಸಿದರೆ ನಾಲ್ಕು ಕನ್ನಡ.

ಒಂದು ದಿನದಲ್ಲಿ ಏನೇನು ಸಿಗುತ್ತದೆ? ವಂದೇ ಮಾತರಂ ಮುಗಿದ ಮೇಲೆ ಭಕ್ತಿಗೀತೆ, ನಡುವೆ 'ಚಿಂತನ'. ಐದು ನಿಮಿಷದ ಒಳಗೆ ಯಾರೋ ಒಬ್ಬ ಮೇಷ್ಟ್ರೋ ವೈದ್ಯರೋ ಒಂದು ಮಾತು ಹೇಳಿ ಹೋಗುತ್ತಾರೆ. ಅದರಲ್ಲಿ ಅರ್ಧ ಉಪದೇಶ, ನಿಜ. ಆದರೆ ವಾರಕ್ಕೊಂದಾದರೂ ಮನಸ್ಸಿನಲ್ಲಿ ಉಳಿಯುತ್ತದೆ. 6.55ಕ್ಕೆ ಸಂಸ್ಕೃತ ವಾರ್ತೆ. ಒಂದಕ್ಷರ ಅರ್ಥವಾಗದ ಮನೆಗಳಲ್ಲೂ ಅದು ಸ್ನಾನಕ್ಕೆ ಏಳಿಸುವ ಗಡಿಯಾರ. ಆಮೇಲೆ ಪ್ರದೇಶ ಸಮಾಚಾರ, ಕನ್ನಡ ವಾರ್ತೆ. ಹಗಲಲ್ಲಿ ಮಹಿಳೆಯರ ಕಾರ್ಯಕ್ರಮ, ಆರೋಗ್ಯದ ಫೋನ್-ಇನ್, ಪುಸ್ತಕದ ಮಾತು, ಸಂದರ್ಶನ. ಸಂಜೆ ಯುವವಾಣಿ, ಕೃಷಿರಂಗ, ಪೇಟೆ ಧಾರಣೆ. ರಾತ್ರಿ ಬಾನುಲಿ ನಾಟಕ, ರೂಪಕ, ಹರಟೆ. ಭಾನುವಾರ ಮಕ್ಕಳದ್ದು. ಹೊತ್ತು ನಿಲಯದಿಂದ ನಿಲಯಕ್ಕೆ ಬೇರೆ, ಆದರೆ ಸಾಲು ಹೆಚ್ಚುಕಡಿಮೆ ಇದೇ.

ಕೃಷಿಯ ಮಾತನ್ನು ಪೇಟೆಯವರು ಹಾರಿಸಿಬಿಡುತ್ತಾರೆ, ಹಾರಿಸಬೇಡಿ. 1960ರ ದಶಕದಲ್ಲಿ ತಂಜಾವೂರಿನ ರೈತರು ಎಡಿಟಿ 27 ಎಂಬ ಹೊಸ ಭತ್ತದ ಬಗ್ಗೆ ರೇಡಿಯೊದಲ್ಲಿ ಕೇಳಿಯೇ ಬೆಳೆದರು, ಅದಕ್ಕೆ 'ರೇಡಿಯೊ ಭತ್ತ' ಎಂದೇ ಹೆಸರಾಯಿತು. ಕೃಷಿರಂಗದಲ್ಲಿ ಮಾತಾಡುವ ರೈತ ಬರೆದುಕೊಂಡು ಬಂದು ಓದುವುದಿಲ್ಲ. ಇಷ್ಟು ನೇರವಾದ ಕನ್ನಡ ಬೇರೆ ಎಲ್ಲೂ ಸಿಗದು.

ಕೊರತೆಗಳನ್ನೂ ಮುಚ್ಚಿಡುವುದಿಲ್ಲ. ಇಲ್ಲಿ ಹಾಡು ಧಾರಾಳ. ಶಾಸ್ತ್ರೀಯ ಸಂಗೀತ, ಭಾವಗೀತೆ, ಚಿತ್ರಗೀತೆ ಎಲ್ಲ ಸೇರಿದರೆ ದಿನದ ದೊಡ್ಡ ಪಾಲು ಅವೇ ನುಂಗುತ್ತವೆ. ಮಧ್ಯಾಹ್ನ ನಡುವೆ ದೆಹಲಿಯ ಹಿಂದಿ, ಇಂಗ್ಲಿಷ್ ವಾರ್ತೆ ತೂರಿಕೊಳ್ಳುತ್ತದೆ. ಕೆಲವು ಭಾಷಣಗಳು ಸರ್ಕಾರಿ ಸುತ್ತೋಲೆಗೆ ದನಿ ಬಂದ ಹಾಗೆ ಇರುತ್ತವೆ. ಸರ್ಕಾರವನ್ನು ಚುಚ್ಚುವ ಮಾತು ಇಲ್ಲಿ ನಿರೀಕ್ಷಿಸಬೇಡಿ. ನಾಟಕ ತಪ್ಪಿದರೆ ತಪ್ಪಿತು.

ಈಗ ಕೈಯ ವಿಷಯ. ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಅಡಿಕೆ ಸುಗ್ಗಿಯ ರಾತ್ರಿಗಳಲ್ಲಿ ಏಳೆಂಟು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಾರೆ. ಅಡಿಕೆ ಸುಲಿದ ಕೈಗೆ ಚೊಗರು ಹತ್ತಿ ಬೆರಳು ಕಪ್ಪಾಗಿರುತ್ತದೆ, ಸೋಪಿಗೂ ಜಗ್ಗುವುದಿಲ್ಲ. ಕಂಬಕ್ಕೆ ತೂಗುಹಾಕಿದ ರೇಡಿಯೊದ ನಾಬ್ ಕೂಡ ಅದೇ ಬಣ್ಣ. ಹತ್ತು ವರ್ಷದ ಬೆರಳುಗಳ ಗುರುತು ಅದು. ಒಮ್ಮೆ ಉತ್ಸಾಹದಿಂದ ನನ್ನ ಹಳೆಯ ಸ್ಮಾರ್ಟ್‌ಫೋನಿಗೆ ಆ್ಯಪ್ ಹಾಕಿಕೊಟ್ಟೆ. ಒಂದು ವಾರ ಬಿಟ್ಟು ಕೇಳಿದರೆ ಚಿಕ್ಕಮ್ಮ, "ಕೈ ತೊಳ್ಕಂಡ್ ಬಂದು ಅದ್ರ ಬೀಗ ತೆಗೆಯಷ್ಟರಲ್ಲಿ ನಾಟಕ ಮುಗ್ದಿರ್ತದೆ ಮಾರಾಯ" ಎಂದರು. ಫೋನು ನಾಗಂದಿಗೆಯ ಮೇಲಿತ್ತು, ಚಾರ್ಜ್ ಇಲ್ಲದೆ.

ಅದಕ್ಕಿಂತ ಮುಂಚಿನ ನನ್ನ ಪೆದ್ದುತನವನ್ನೂ ಹೇಳಬೇಕು. ಬೆಂಗಳೂರಿನ ಅಂಗಡಿಯೊಂದರಲ್ಲಿ ಚೆಂದದ ಸ್ಪೀಕರ್ ಕಂಡಿತು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ರೇಡಿಯೊ ಎಂದಿತ್ತು, ಬ್ಲೂಟೂತ್, ಪೆನ್‌ಡ್ರೈವ್ ಎಲ್ಲ ಇತ್ತು. 1,800 ರೂಪಾಯಿ ಕೊಟ್ಟು ಊರಿಗೆ ಒಯ್ದೆ. ಅದು ಎಫ್‌ಎಂ ಮಾತ್ರ ಹಿಡಿಯುವುದು. ಚಿಕ್ಕಮ್ಮನ ಮನೆ ಗುಡ್ಡದ ಬುಡದಲ್ಲಿದೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ನೆರಳು. ಮೂಲೆ ಮೂಲೆಗೆ ಹಿಡಿದುಕೊಂಡು ಓಡಾಡಿದ್ದೇ ಬಂತು, ಬುಸ್ ಎನ್ನುವುದು ಬಿಟ್ಟು ಏನೂ ಇಲ್ಲ. ಮೀಡಿಯಂ ವೇವ್ ನೆಲವನ್ನು ತಬ್ಬಿಕೊಂಡು ಸಾಗುತ್ತದೆ, ಮಲೆನಾಡಿನ ಕಣಿವೆಗೂ ಇಳಿಯುತ್ತದೆ. ಹಳೆಯ ಸೆಟ್ಟಿನಲ್ಲಿ ಭದ್ರಾವತಿಯ 675 ಕಿಲೋಹರ್ಟ್ಸ್ ಗಟ್ಟಿಯಾಗಿ ಬರುತ್ತಿತ್ತು. ಸ್ಪೀಕರ್ ಈಗ ಅಳಿಯನ ಕಾರಿನಲ್ಲಿದೆ.

ಹಾಗಾಗಿ ಸೆಟ್ ಕೊಳ್ಳುವಾಗ ಅದರ ಮೇಲೆ ಎಂಡಬ್ಲ್ಯು ಅಥವಾ ಎಎಂ ಎಂಬ ಗುರುತು ಇದೆಯೇ ನೋಡಿ, ಇಲ್ಲದಿದ್ದರೆ ಕೆಳಗಿಡಿ. ಸಾವಿರ ರೂಪಾಯಿಯ ಆಸುಪಾಸಿಗೆ ಸಣ್ಣ ಸೆಟ್ ಬರುತ್ತದೆ. ತಿಂಗಳ ಖರ್ಚು ಶೆಲ್ಲಿನದು ಮಾತ್ರ. ಒಳಗೆ ಫೆರೈಟ್ ಎಂಬ ಕಪ್ಪು ಕಡ್ಡಿಗೆ ತಂತಿ ಸುತ್ತಿರುತ್ತಾರೆ, ಮೀಡಿಯಂ ವೇವ್‌ಗೆ ಅದೇ ಆಂಟೆನಾ. ಮೇಲಿನ ಉದ್ದ ಕಡ್ಡಿ ಎಳೆದರೆ ಏನೂ ಆಗದು, ಸೆಟ್ಟನ್ನೇ ನಿಧಾನಕ್ಕೆ ತಿರುಗಿಸಬೇಕು. ಕಾಲು ಸುತ್ತು ತಿರುಗುವಷ್ಟರಲ್ಲಿ ದನಿ ಎದ್ದು ನಿಲ್ಲುವ ಕೋನವೊಂದು ಸಿಗುತ್ತದೆ. ಗರ್ ಎಂಬ ಸದ್ದು ಬಂದರೆ ಹತ್ತಿರದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಒಂದೊಂದೇ ಆರಿಸಿ ನೋಡಿ, ಕಳ್ಳ ಸಿಕ್ಕಿಬೀಳುತ್ತಾನೆ. ಕತ್ತಲಾದ ಮೇಲೆ ದೂರದ ನಿಲಯಗಳು ಆಕಾಶದಿಂದ ಪುಟಿದು ಬಂದು ಒಂದರ ಮೇಲೊಂದು ಬೀಳುತ್ತವೆ. ಅದು ಸೆಟ್ಟಿನ ತಪ್ಪಲ್ಲ. ಬೆಂಗಳೂರು 612, ಧಾರವಾಡ 765, ಕಲಬುರಗಿ 1107 ಎಂದು ಚೀಟಿ ಬರೆದು ಸೆಟ್ಟಿನ ಬೆನ್ನಿಗೆ ಅಂಟಿಸಿಡಿ. ದೇಶದಲ್ಲಿ ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳನ್ನು ಒಂದೊಂದಾಗಿ ನಿಲ್ಲಿಸಿ ಎಫ್‌ಎಂಗೆ ಹೋಗುತ್ತಿರುವುದರಿಂದ, ಕೊಳ್ಳುವ ಮೊದಲು ನೆರೆಮನೆಯವರ ಸೆಟ್ ಎರಡು ದಿನ ಕೇಳಿ ತಂದು ನೋಡುವುದು ಜಾಣತನ.

ಇನ್ನೊಂದು ಬಲ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಆಷಾಢದ ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟ್ ಹೋದರೆ, ಮೊಬೈಲ್ ಟವರಿನ ಬ್ಯಾಟರಿಯೂ ಮಲಗುತ್ತದೆ. ಆಗ ಎರಡು ಶೆಲ್ಲಿನ ಡಬ್ಬಿಯೊಂದೇ ಮನೆಗೆ ಹೊರಗಿನ ಸುದ್ದಿ ತರುವುದು.

ಅದೇ ಆಕಾಶವಾಣಿ, ಎಫ್‌ಎಂನಲ್ಲಿ

ಬಯಲುಸೀಮೆ ಮತ್ತು ಪಟ್ಟಣಗಳಲ್ಲಿರುವವರಿಗೆ ಇದು ಸುಲಭದ ದಾರಿ. ಮೈಸೂರು 100.6, ಮಂಗಳೂರು 100.3, ಹಾಸನ 102.2, ಚಿತ್ರದುರ್ಗ 102.6, ಹೊಸಪೇಟೆ 100.5, ವಿಜಯಪುರ 101.8, ಕಾರವಾರ 102.3, ಮಡಿಕೇರಿ 103.1. ದನಿ ಶುದ್ಧ, ಕಿರಿಕಿರಿ ಇಲ್ಲ, ಕಾರಿನ ಸಿಸ್ಟಮ್ಮಿನಲ್ಲೂ ಬರುತ್ತದೆ. ಕಿವಿ ಮಂದವಾದವರಿಗೆ ಈ ಶುದ್ಧ ದನಿ ದೊಡ್ಡ ಉಪಕಾರ. ಗರಗರ ಸದ್ದಿನ ನಡುವೆ ಮಾತು ಹಿಡಿಯುವುದು ಅವರಿಗೆ ನಿಜಕ್ಕೂ ಕಷ್ಟ. ಮೈಸೂರಿನಲ್ಲಿರುವವರು ಎರಡನೇ ಯೋಚನೆ ಮಾಡಬೇಕಿಲ್ಲ, 100.6ಕ್ಕೆ ಮುಳ್ಳು ನಿಲ್ಲಿಸಿ ನಾಬ್ ಕಿತ್ತಿಟ್ಟರೂ ನಡೆಯುತ್ತದೆ.

ಬೆಂಗಳೂರಿನಲ್ಲಿ ಸ್ವಲ್ಪ ಹುಷಾರು. 102.9 ವಿವಿಧ ಭಾರತಿ, ಅಲ್ಲಿ ಹಾಡಿನದೇ ಆಳ್ವಿಕೆ. 101.3 ಕನ್ನಡ ಕಾಮನಬಿಲ್ಲು, ಹಾಡಿನ ನಡುವೆ ಹದವಾದ ಮಾತು, ಕೇಳುಗರ ಜೊತೆ ಫೋನಿನಲ್ಲಿ ಹರಟೆ. ನಾಟಕ, ಭಾಷಣ, ಕೃಷಿರಂಗ ಬೇಕಿದ್ದರೆ ಮೀಡಿಯಂ ವೇವ್‌ನ 612ಕ್ಕೇ ಹೋಗಬೇಕು.

ಖಾಸಗಿ ಎಫ್‌ಎಂ

ದೇಶದ ಮೊದಲ ಖಾಸಗಿ ಎಫ್‌ಎಂ ಹುಟ್ಟಿದ್ದೇ ಬೆಂಗಳೂರಿನಲ್ಲಿ, 2001ರ ಜುಲೈಯಲ್ಲಿ. ಆದರೂ ಮಾತಿನ ದಿನಕ್ಕೆ ಇವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆರ್‌ಜೆಗಳಲ್ಲಿ ಚುರುಕು ನಾಲಗೆಯವರಿದ್ದಾರೆ, ಟ್ರಾಫಿಕ್ ಸುದ್ದಿ ಕೆಲಸಕ್ಕೆ ಬರುತ್ತದೆ. ಆದರೆ ಖಾಸಗಿ ನಿಲಯಗಳು ತಮ್ಮದೇ ಸುದ್ದಿ ಬಿತ್ತರಿಸುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆ ಹಾಕಬಹುದು ಅಷ್ಟೆ. ಉಳಿದಂತೆ ಹಾಡು, ಜಾಹೀರಾತು, ಎರಡು ಜಾಹೀರಾತಿನ ಸಂದಿಯಲ್ಲಿ ನಗು.

ಸಮುದಾಯ ಬಾನುಲಿ

ನಿಮ್ಮ ಮನೆಯ ಹತ್ತಿರ ಒಂದಿದ್ದರೆ ಅದೃಷ್ಟ. ಟ್ರಾನ್ಸ್‌ಮಿಟರ್ 50 ವ್ಯಾಟಿನದು, ಹತ್ತು ಕಿಲೋಮೀಟರ್ ಆಚೆ ಹೋದರೆ ಮಾಯ. ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೊ ಸಾರಂಗ್ 107.8ರಲ್ಲಿದೆ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಅಲ್ಲಿ ಒಂದೇ ಮಾರುಕಟ್ಟೆಯಲ್ಲಿ ನಿಂತ ಹಾಗೆ ಕೇಳುತ್ತವೆ. ಮಣಿಪಾಲದಲ್ಲಿ ರೇಡಿಯೊ ಮಣಿಪಾಲ್, ಬೆಂಗಳೂರಿನಲ್ಲಿ ರೇಡಿಯೊ ಆ್ಯಕ್ಟಿವ್, ಎರಡೂ 90.4. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಹೈದರಾಲಿ ಹುಟ್ಟಿದ ಊರದು, 'ನಮ್ಮ ಧ್ವನಿ'ಯವರು ಪರವಾನಗಿ ಸಿಗುವ ಕಾಲಕ್ಕೂ ಮೊದಲೇ ಕೇಬಲ್ ತಂತಿಯ ಮೂಲಕ ಮನೆಮನೆಗೆ ಕಾರ್ಯಕ್ರಮ ಮುಟ್ಟಿಸುತ್ತಿದ್ದರು. ಸ್ವಯಂಸೇವಾ ಸಂಸ್ಥೆಗಳಿಗೆ ಸರ್ಕಾರ ಬಾಗಿಲು ತೆರೆದದ್ದು 2006ರಲ್ಲಿ.

ಮಾತಿನ ಪ್ರಮಾಣ ಇಲ್ಲಿ ಹೆಚ್ಚು, ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಸ್ಥಳೀಯವಾಗಿ ತಯಾರಾಗಬೇಕೆಂಬ ನಿಯಮವೂ ಇದೆ. ಅಂಗನವಾಡಿಯ ಟೀಚರ್, ಆಶಾ ಕಾರ್ಯಕರ್ತೆ, ಮೀನು ಮಾರುವವರು ಮೈಕಿನ ಮುಂದೆ ಕೂರುತ್ತಾರೆ. ಪಕ್ಕದ ಬೀದಿಯವರ ದನಿ ರೇಡಿಯೊದಲ್ಲಿ ಕೇಳಿದಾಗ ಒಂಟಿ ಮನೆಯ ಹಿರಿಯರ ಮುಖ ಅರಳುವುದನ್ನು ನೋಡಬೇಕು. ಆದರೆ ಇಡೀ ದಿನಕ್ಕೆ ಸಾಲದು. ಕಾರ್ಯಕ್ರಮಗಳು ಮರುಪ್ರಸಾರವಾಗುತ್ತವೆ, ಸ್ವಯಂಸೇವಕರ ಪರೀಕ್ಷೆ ಬಂದರೆ ಎಲ್ಲ ಸಡಿಲವಾಗುತ್ತದೆ. ಕೌದಿಯ ಬಣ್ಣದ ತುಂಡು ಎಂದಿಟ್ಟುಕೊಳ್ಳಿ.

ಫೋನಿನ ಆ್ಯಪ್

ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ ಪುಕ್ಕಟೆ. ದೇಶದ ಇನ್ನೂರಕ್ಕೂ ಹೆಚ್ಚು ಆಕಾಶವಾಣಿ ವಾಹಿನಿಗಳು ಅದರಲ್ಲಿವೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಬೆಳಿಗ್ಗೆ ಧಾರವಾಡದ ಚಿಂತನ, ಮಧ್ಯಾಹ್ನ ಮೈಸೂರಿನ ಸಂದರ್ಶನ, ಸಂಜೆ ಕಲಬುರಗಿಯ ಕೃಷಿ ಮಾತು ಎಂದು ಜಿಗಿಯುತ್ತಾ ಹೋದರೆ ಹಾಡನ್ನು ತಪ್ಪಿಸಿಕೊಂಡು ಬರೀ ಮಾತಿನ ದಿನ ಕಟ್ಟಬಹುದು. ಕನ್ನಡದಲ್ಲಿ ರೇಡಿಯೊ 4ಕ್ಕೆ ಹತ್ತಿರದ್ದು ಏನಾದರೂ ಇದ್ದರೆ ಇದೇ, ಆದರೆ ಜೋಡಿಸುವ ಕೆಲಸ ನಿಮ್ಮದು.

ಡೇಟಾ ಎಷ್ಟು ಹೋಗುತ್ತದೆ ಎಂದು ಹೆದರುವವರಿಗೆ ಲೆಕ್ಕ: ಸೆಕೆಂಡಿಗೆ 64 ಕಿಲೋಬಿಟ್ ಎಂದಿಟ್ಟುಕೊಂಡರೆ ಗಂಟೆಗೆ 29 ಎಂಬಿ, ಎಂಟು ಗಂಟೆಗೆ 230 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಇರುವವರಿಗೆ ಅದು ಏನೂ ಅಲ್ಲ. ಆದರೆ ಒಟಿಪಿ ಬಂದರೆ, ಫೋನ್ ಬಂದರೆ ವಾರ್ತೆ ನಿಲ್ಲುತ್ತದೆ. ನೆಟ್‌ವರ್ಕ್ ಸೊರಗಿದರೆ ನಾಟಕದ ಕೊಲೆಗಾರ ಯಾರೆಂದು ತಿಳಿಯುವ ಕ್ಷಣದಲ್ಲೇ ಚಕ್ರ ತಿರುಗುತ್ತದೆ. ಇನ್ನೊಂದು ಸಣ್ಣ ಎಚ್ಚರಿಕೆ, ಆ್ಯಪಿನಲ್ಲಿ ದನಿ ತಡವಾಗಿ ಬರುತ್ತದೆ. ವಾರ್ತೆಗೆ ಮುಂಚಿನ ಪಿಪ್ ಪಿಪ್ ಸದ್ದಿಗೆ ಗಡಿಯಾರ ಹೊಂದಿಸುವ ಹಳೆಯ ಅಭ್ಯಾಸದವರು ಅದನ್ನು ನಂಬಬೇಡಿ.

ಡಿಡಿ ಫ್ರೀ ಡಿಶ್ ಹಾಕಿಸಿದ ಮನೆಗಳಲ್ಲಿ ಟಿವಿಯಲ್ಲೇ ಹತ್ತಾರು ರೇಡಿಯೊ ವಾಹಿನಿ ಬರುತ್ತವೆ, ತಿಂಗಳ ಬಾಡಿಗೆಯೂ ಇಲ್ಲ. ಆದರೆ ಮಾತು ಕೇಳಲು ದಿನವಿಡೀ ಟಿವಿ ಉರಿಸಬೇಕು.

ಪಾಡ್‌ಕಾಸ್ಟ್, ಯೂಟ್ಯೂಬ್, ಕೇಳುಪುಸ್ತಕ

'ತಲೆ-ಹರಟೆ'ಯಂಥ ಪಾಡ್‌ಕಾಸ್ಟುಗಳು ವಿಜ್ಞಾನ, ಇತಿಹಾಸ, ರಾಜಕೀಯವನ್ನು ಗಂಟೆಗಟ್ಟಲೆ ಬಿಡಿಸಿ ಮಾತಾಡುತ್ತವೆ. ರೇಡಿಯೊದ ಹದಿನೈದು ನಿಮಿಷದ ಕತ್ತರಿ ಅಲ್ಲಿಲ್ಲ. ಮೈಲ್ಯಾಂಗ್ ಆ್ಯಪಿನಲ್ಲಿ ಕನ್ನಡ ಕೇಳುಪುಸ್ತಕಗಳಿವೆ, ಪುಸ್ತಕಕ್ಕಿಷ್ಟು ಎಂದು ಕೊಡಬೇಕು. ಆಕಾಶವಾಣಿಯ ಹಲವು ನಿಲಯಗಳು ನಾಟಕ, ಸಂದರ್ಶನಗಳನ್ನು ಯೂಟ್ಯೂಬಿಗೂ ಹಾಕುತ್ತವೆ. ತಪ್ಪಿಹೋದದ್ದು ಮತ್ತೆ ಬೇಕು ಅನ್ನುವವರಿಗೆ ಇದೇ ದಾರಿ.

ನನ್ನ ತಕರಾರು ಒಂದೇ. ಇಲ್ಲಿ ಪ್ರತಿ ಅರ್ಧ ಗಂಟೆಗೊಮ್ಮೆ "ಮುಂದೆ ಏನು?" ಎಂದು ನೀವೇ ತೀರ್ಮಾನಿಸಬೇಕು. ಎಪ್ಪತ್ತೈದು ದಾಟಿದವರಿಗೆ, ಕೈ ಖಾಲಿ ಇಲ್ಲದವರಿಗೆ ಆ ತೀರ್ಮಾನವೇ ಹೊರೆ. ಯೂಟ್ಯೂಬ್ ತಾನಾಗಿ ಮುಂದಿನದನ್ನು ಹಾಕುತ್ತದೆ ನಿಜ, ಆದರೆ ಬೇಂದ್ರೆ ಕಾವ್ಯದ ಉಪನ್ಯಾಸದಿಂದ ಶುರುವಾದದ್ದು ಮೂರನೇ ವಿಡಿಯೊಗೆ ಜಾತಕದ ದೋಷ ಪರಿಹಾರಕ್ಕೆ ಹೋಗಿ ನಿಂತಿರುತ್ತದೆ. ನಮ್ಮ ದೊಡ್ಡಪ್ಪ ಹೀಗೇ ಒಂದು ಮಧ್ಯಾಹ್ನ ನಿದ್ದೆ ಹೋಗಿ ಎದ್ದಾಗ ಯಾರೋ ಅವರ ಕಿಡ್ನಿ ಕಲ್ಲು ಕರಗಿಸುತ್ತಿದ್ದರು.

ಹಾಗಾದರೆ ಯಾರಿಗೆ ಯಾವುದು?

ಹುಬ್ಬಳ್ಳಿಯ ಅಮ್ಮನಿಗೆ ನಾನು ಹೇಳಿದ್ದು ಮೀಡಿಯಂ ವೇವ್ ಇರುವ ಸೆಟ್, ದೊಡ್ಡ ನಾಬಿನದು, ಡಿಜಿಟಲ್ ಗುಂಡಿಗಳು ಬೇಡ. ಧಾರವಾಡ ಇಪ್ಪತ್ತು ಕಿಲೋಮೀಟರು, 765 ಕೋಣೆಯೊಳಗೇ ಬಂದು ಕೂತ ಹಾಗೆ ಕೇಳುತ್ತದೆ, ಕನ್ನಡವೂ ಅವರದೇ. ನಾಬ್ ಅಲ್ಲಿಗೆ ತಿರುಗಿಸಿ, ಪಕ್ಕದಲ್ಲಿ ಉಗುರಿನ ಬಣ್ಣದಿಂದ ಒಂದು ಚುಕ್ಕಿ ಇಟ್ಟುಬಿಡಿ ಎಂದೆ. ಮಧ್ಯಾಹ್ನ ಹಾಡು ಜಾಸ್ತಿಯಾದ ಹೊತ್ತಿಗೆ ಬೇಕಿದ್ದರೆ ಮಗಳು ಊರಿಗೆ ಬಂದಾಗ ಪೆನ್‌ಡ್ರೈವಿಗೆ ಹತ್ತಿಪ್ಪತ್ತು ಕಥೆ, ನಾಟಕ ತುಂಬಿ ಕೊಡಬಹುದು. ಈಗಿನ ಸೆಟ್ಟುಗಳಲ್ಲಿ ಅದಕ್ಕೂ ಕಿಂಡಿ ಇರುತ್ತದೆ, ಇನ್ನೂರು ಮುನ್ನೂರು ಹೆಚ್ಚು ಬೀಳಬಹುದು. ಮಗಳಿಗೆ ಮೊದಲು ಇದ್ದ ಯೋಚನೆ ಸ್ಮಾರ್ಟ್ ಸ್ಪೀಕರ್. ಅಮ್ಮ ಅದಕ್ಕೆ ಧಾರವಾಡದ ಕನ್ನಡದಲ್ಲಿ ಅಪ್ಪಣೆ ಕೊಡುವುದು, ಅದು ಇಂಗ್ಲಿಷಿನಲ್ಲಿ ಕ್ಷಮೆ ಕೇಳುವುದು, ಈ ಜಗಳ ನೋಡಲು ಚೆಂದ, ಕೊಳ್ಳಲು ದುಬಾರಿ.

ಕ್ಯಾಬ್ ಓಡಿಸುವವರ ಕೈ ಸ್ಟೇರಿಂಗ್ ಮೇಲಿರಬೇಕು, ಕಣ್ಣು ರಸ್ತೆಯ ಮೇಲೆ. ಓಡುವಾಗ ಆ್ಯಪಿನಲ್ಲಿ ನಿಲಯ ಬದಲಿಸುವ ಮಾತೇ ಬೇಡ. ಅವರ ಫೋನಿನಲ್ಲಿ ಹೇಗೂ ಮ್ಯಾಪ್ ಮತ್ತು ಬುಕಿಂಗ್ ಕೂಗುತ್ತಿರುತ್ತವೆ, ನಡುವೆ ನಾಟಕ ಹಾಕಿದರೆ "ಎಡಕ್ಕೆ ತಿರುಗಿ" ಎಂದದ್ದು ನಾಟಕದ ಗಂಡನೋ ಗೂಗಲೋ ತಿಳಿಯದು. ಬೆಳಿಗ್ಗೆ ಸ್ಟ್ಯಾಂಡಿನಲ್ಲಿ 101.3, ಕಾರಿನ ಸಿಸ್ಟಮ್ಮಿನಲ್ಲಿ ಎಎಂ ಇದ್ದರೆ ವಾರ್ತೆಗೆ 612. ದೂರದ ಟ್ರಿಪ್ಪಿಗೆ ಮನೆಯ ವೈಫೈಯಲ್ಲೇ ರಾತ್ರಿ ಇಳಿಸಿಕೊಂಡ ಎರಡು ಪಾಡ್‌ಕಾಸ್ಟ್ ಕಂತು. ವಿಮಾನ ನಿಲ್ದಾಣದ ಸರದಿಯಲ್ಲಿ ಎರಡು ಗಂಟೆ ಕಾಯುವಾಗ ಆ್ಯಪ್ ತೆರೆದು ಕಲಬುರಗಿ ಹಾಕಿ ಎಂದೆ, ಏಕೆಂದರೆ ಅವರ ಊರು ಸೇಡಂ. ಖರ್ಚು ಸೊನ್ನೆ.

ಡಲ್ಲಾಸ್‌ನವರಿಗೆ ಆ್ಯಪ್ ಬಿಟ್ಟು ಬೇರೆ ದಾರಿಯಿಲ್ಲ, ಆದರೆ ಅವರಿಗೊಂದು ಲಾಭವಿದೆ. ಇಲ್ಲಿ ಬೆಳಿಗ್ಗೆ ಏಳು ಅಂದರೆ ಅಲ್ಲಿ ಬೇಸಿಗೆಯಲ್ಲಿ ಹಿಂದಿನ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ನಮ್ಮ ಬೆಳಗಿನ ಮಾತು ಅವರ ರಾತ್ರಿ ಊಟದ ಮಾತು. ಮಗಳನ್ನು ಕೂರಿಸಿ "ಕೇಳು" ಎಂದರೆ ಕೇಳುವುದಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಸ್ಪೀಕರಿಗೆ ಜೋಡಿಸಿ ಸುಮ್ಮನೆ ಬಿಡಬೇಕು, ಹೆಚ್ಚು ಸದ್ದೂ ಬೇಡ. ಭಾನುವಾರ ಬೆಳಿಗ್ಗೆ ಮಕ್ಕಳ ಕಾರ್ಯಕ್ರಮ ಇರುವ ನಿಲಯವಾದರೆ ಅದು ಅಲ್ಲಿ ಶನಿವಾರ ರಾತ್ರಿ, ಮರುದಿನ ಶಾಲೆಯೂ ಇಲ್ಲ. ಇಂಗ್ಲಿಷ್ ಮಾತಿನ ರೇಡಿಯೊ ಬೇಕೆಂದರೆ ಅವರ ಊರಿನಲ್ಲೇ ಅಮೆರಿಕದ ಸಾರ್ವಜನಿಕ ರೇಡಿಯೊ ಎನ್‌ಪಿಆರ್ ಇದೆ, ಅದಕ್ಕೆ ನನ್ನ ಸಲಹೆ ಬೇಕಿಲ್ಲ.

ಅಂಗಡಿಗೆ ಹೋಗುವವರಿಗೆ ಕೊನೆಯದಾಗಿ ಒಂದು. ಡಬ್ಬ ಒಡೆಸಿ, ಶೆಲ್ಲು ಹಾಕಿಸಿ, ಅಂಗಡಿಯ ಟ್ಯೂಬ್‌ಲೈಟಿನಿಂದ ದೂರ ಬಾಗಿಲಿಗೆ ಬನ್ನಿ. ನಿಮ್ಮ ಸೀಮೆಯ ನಿಲಯದ ಸಂಖ್ಯೆಗೆ ಮುಳ್ಳು ತಂದು ಸೆಟ್ಟನ್ನು ಅಂಗೈಯಲ್ಲಿ ನಿಧಾನ ಒಂದು ಸುತ್ತು ತಿರುಗಿಸಿ. ಅಂಗಡಿಯವನು "ಅದೆಲ್ಲ ಈಗ ಯಾರು ಕೇಳ್ತಾರೆ ಸಾರ್" ಅನ್ನುತ್ತಾನೆ. ಅನ್ನಲಿ ಬಿಡಿ, ಅಷ್ಟರಲ್ಲಿ ಯಾರಾದರೂ ಮಾತಾಡತೊಡಗಿದರೆ ಬಿಲ್ ಹಾಕಿಸಿ.